ಜಗತ್ತಿನ ಅತಿದೊಡ್ಡ ಬ್ಯಾಂಕಿನ ಷೇರು ಇಷ್ಟು ಅಗ್ಗ ಏಕೆ? ಬೇರೆ ಬೇರೆ ದೇಶದ ಬ್ಯಾಂಕುಗಳನ್ನು ಹೋಲಿಸುವುದು ಹೇಗೆ?

ನೀವು ಕೇಳಿದ್ದು: ಆಸ್ತಿಯ ಲೆಕ್ಕದಲ್ಲಿ ಚೀನಾದ ಐಸಿಬಿಸಿ ಜಗತ್ತಿಗೇ ದೊಡ್ಡ ಬ್ಯಾಂಕ್. ಆದರೂ ಹಾಂಗ್‌ಕಾಂಗ್‌ನಲ್ಲಿ ಅದರ ಒಂದು ಷೇರು ನಮ್ಮ ನೂರು ರೂಪಾಯಿಗಿಂತ ಕಡಿಮೆಗೆ ಸಿಗುತ್ತದೆ. ಅದರ ಮುಂದೆ ಎಷ್ಟೋ ಚಿಕ್ಕದಾದ ಎಚ್‌ಡಿಎಫ್‌ಸಿ ಬ್ಯಾಂಕಿನ ಷೇರಿಗೆ ಹಲವು ಪಟ್ಟು ಬೆಲೆ. ಹಾಗಾದರೆ ಚೀನಾದ್ದು ಅಗ್ಗ, ನಮ್ಮದು ದುಬಾರಿ ಅಂತಲೇ? ಕೊಳ್ಳಬಹುದೇ?

ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಬ್ಯಾಂಕುಗಳ ವಾರ್ಷಿಕ ವರದಿ ಓದುವ ಅಭ್ಯಾಸ ಅಲ್ಲಿಂದಲೇ ಅಂಟಿಕೊಂಡಿದ್ದು. ಆ ಅನುಭವದ ಮೇಲೆ ಹೇಳುತ್ತೇನೆ.

ಮೊದಲು ಒಂದು ಷೇರಿನ ಬೆಲೆಯನ್ನು ಪಕ್ಕಕ್ಕಿಡಿ. ಐಸಿಬಿಸಿ ಒಟ್ಟು 35,640 ಕೋಟಿ ಷೇರುಗಳಾಗಿ ಹಂಚಿಹೋಗಿದೆ. 2024ರ ಮಾರ್ಚ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ಷೇರುಗಳು ಸುಮಾರು 760 ಕೋಟಿ. ಹೆಚ್ಚು ತುಂಡು ಮಾಡಿದ್ದರಿಂದ ಒಂದು ತುಂಡಿನ ಬೆಲೆ ಕಡಿಮೆ, ಅಷ್ಟೇ. ನಮ್ಮ ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕನ್ನೇ ನೋಡಿ: 2024ರ ಮೇ ತಿಂಗಳಲ್ಲಿ ಹತ್ತು ರೂಪಾಯಿ ಮುಖಬೆಲೆಯ ಒಂದು ಷೇರನ್ನು ಎರಡು ರೂಪಾಯಿಯ ಐದು ಷೇರುಗಳಾಗಿ ಒಡೆಯಿತು. ಬೆಳಗಾಗುವಷ್ಟರಲ್ಲಿ ಬೆಲೆ ಐದನೇ ಒಂದು ಭಾಗಕ್ಕೆ ಇಳಿದಿತ್ತು. ಯಾರಿಗೂ ಒಂದು ಪೈಸೆ ನಷ್ಟವಾಗಿರಲಿಲ್ಲ. ಎಚ್‌ಡಿಎಫ್‌ಸಿ ಬ್ಯಾಂಕ್ 2025ರ ಆಗಸ್ಟ್‌ನಲ್ಲಿ ಒಂದಕ್ಕೊಂದು ಬೋನಸ್ (ಇರುವ ಪ್ರತಿ ಷೇರಿಗೆ ಇನ್ನೊಂದು ಉಚಿತ ಷೇರು) ಕೊಟ್ಟಾಗ ಆದದ್ದೂ ಇದೇ.

ಆದರೆ ಷೇರುಗಳ ಸಂಖ್ಯೆಯಿಂದ ಗುಣಿಸಿ ಒಟ್ಟು ಮಾರುಕಟ್ಟೆ ಮೌಲ್ಯ ತೆಗೆದರೂ ನಿಮ್ಮ ಪ್ರಶ್ನೆ ಮಾಯವಾಗುವುದಿಲ್ಲ, ಅದಕ್ಕೇ ಅದು ಒಳ್ಳೆಯ ಪ್ರಶ್ನೆ. 2023ರ ಕೊನೆಗೆ ಐಸಿಬಿಸಿಯ ಆಸ್ತಿ ಸುಮಾರು 44.7 ಲಕ್ಷ ಕೋಟಿ ಯುವಾನ್. 2024ರ ಮಾರ್ಚ್‌ಗೆ ಎಚ್‌ಡಿಎಫ್‌ಸಿ ಬ್ಯಾಂಕಿನದು ಸುಮಾರು 36 ಲಕ್ಷ ಕೋಟಿ ರೂಪಾಯಿ. ಒಂದೇ ಕರೆನ್ಸಿಗೆ ತಂದರೆ ಹದಿನಾಲ್ಕು ಪಟ್ಟು ವ್ಯತ್ಯಾಸ. ಅದೇ ಮಾರ್ಚ್‌ನ ಮಾರುಕಟ್ಟೆ ಮೌಲ್ಯದಲ್ಲಿ ವ್ಯತ್ಯಾಸ ಎರಡು ಪಟ್ಟೂ ಇರಲಿಲ್ಲ. (ಬೆಲೆಗಳು ಆಮೇಲೆ ಏರಿಳಿದಿವೆ, ಲೆಕ್ಕ ಹಾಕುವ ರೀತಿ ಮಾತ್ರ ಅದೇ.)

ಬ್ಯಾಂಕಿನ ಆಸ್ತಿ ಎಂದರೆ ಬಹುಪಾಲು ಅದು ಕೊಟ್ಟ ಸಾಲ. ಆ ಸಾಲ ಕೊಟ್ಟಿದ್ದು ಠೇವಣಿದಾರರ ಹಣದಲ್ಲಿ. ನೂರು ರೂಪಾಯಿ ಆಸ್ತಿಯಲ್ಲಿ ಷೇರುದಾರರದು ಐಸಿಬಿಸಿಯಲ್ಲಿ ಎಂಟು ರೂಪಾಯಿ ಚಿಲ್ಲರೆ, ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ಹನ್ನೆರಡು ರೂಪಾಯಿಯಷ್ಟು. ಷೇರು ಕೊಳ್ಳುವವನು ಕೊಳ್ಳುವುದು ಈ ಎಂಟನ್ನೋ ಹನ್ನೆರಡನ್ನೋ ಹೊರತು ನೂರನ್ನಲ್ಲ. ಆದ್ದರಿಂದ ಆಸ್ತಿಯ ಗಾತ್ರದ ಪಟ್ಟಿಯಲ್ಲಿ ಯಾರು ಮೊದಲು ಎನ್ನುವುದು ಷೇರುದಾರನಿಗೆ ಹೆಚ್ಚೇನೂ ಹೇಳುವುದಿಲ್ಲ. ಷೇರುದಾರರ ಪಾಲಿನ ಈ ಹಣವೇ ಬುಕ್ ವ್ಯಾಲ್ಯೂ. ಅದರ ಎಷ್ಟು ಪಟ್ಟು ಬೆಲೆಯನ್ನು ಮಾರುಕಟ್ಟೆ ಕೊಡುತ್ತಿದೆ, ಆ ಹಣದ ಮೇಲೆ ಬ್ಯಾಂಕು ವರ್ಷಕ್ಕೆ ಶೇಕಡಾ ಎಷ್ಟು ಲಾಭ ದುಡಿಯುತ್ತಿದೆ, ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

2024ರ ಮಾರ್ಚ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿಗೆ ಬುಕ್ ವ್ಯಾಲ್ಯೂದ ಸುಮಾರು ಎರಡೂವರೆ ಪಟ್ಟು ಬೆಲೆ ಇತ್ತು, ಐಸಿಬಿಸಿಗೆ ಅರ್ಧದಷ್ಟು. ಐಸಿಬಿಸಿ ಹಿಂದೆ ಹೀಗಿರಲಿಲ್ಲ. 2012ರ ಹೊತ್ತಿಗೆ ಷೇರುದಾರರ ಹಣದ ಮೇಲೆ ಶೇ 20ಕ್ಕೂ ಹೆಚ್ಚು ಲಾಭ ಮಾಡುತ್ತಿದ್ದ ಬ್ಯಾಂಕು 2023ಕ್ಕೆ ಶೇ 10ರ ಆಸುಪಾಸಿಗೆ ಬಂದು ನಿಂತಿತು. ನಿವ್ವಳ ಬಡ್ಡಿ ಅಂತರ, ಅಂದರೆ ಸಾಲದಿಂದ ಬರುವ ಬಡ್ಡಿಗೂ ಠೇವಣಿಗೆ ಕೊಡುವ ಬಡ್ಡಿಗೂ ನಡುವೆ ಬ್ಯಾಂಕಿಗೆ ಉಳಿಯುವುದು, ಶೇ 1.61ಕ್ಕೆ ಇಳಿದಿತ್ತು. ಕಾರಣ ಬರೀ ವ್ಯಾಪಾರದ್ದಲ್ಲ. ರಿಯಲ್ ಎಸ್ಟೇಟ್ ಕುಸಿದಾಗ, 2023ರ ಸೆಪ್ಟೆಂಬರ್‌ನಲ್ಲಿ, ಹಳೆಯ ಗೃಹಸಾಲಗಳ ಬಡ್ಡಿಯನ್ನೂ ಇಳಿಸಿ ಎಂಬ ಸೂಚನೆ ಮೇಲಿನಿಂದ ಬಂತು, ಬ್ಯಾಂಕುಗಳು ಇಳಿಸಿದವು. ಸಾಲಗಾರರಿಗೆ ಅದು ನ್ಯಾಯವೇ ಇರಬಹುದು. ಆದರೆ ಹೊರಗಿನ ಷೇರುದಾರನನ್ನು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇಲ್ಲ, ಏಕೆಂದರೆ ಸರ್ಕಾರಿ ಹೂಡಿಕೆ ಸಂಸ್ಥೆ ಸೆಂಟ್ರಲ್ ಹುಯಿಜಿನ್ ಮತ್ತು ಚೀನಾದ ಹಣಕಾಸು ಸಚಿವಾಲಯದ ಕೈಯಲ್ಲೇ ಶೇ 65ರಷ್ಟು ಷೇರುಗಳಿವೆ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. 2023ರ ಕೊನೆಗೆ ಐಸಿಬಿಸಿ ತೋರಿಸಿದ ವಸೂಲಾಗದ ಸಾಲ ಶೇ 1.36 ಮಾತ್ರ. ಲೆಕ್ಕದ ಪುಸ್ತಕದಲ್ಲಿ ಅಷ್ಟು ಚೊಕ್ಕಟವಾಗಿದ್ದ ಬ್ಯಾಂಕಿನ ನೂರು ರೂಪಾಯಿಗೆ ಮಾರುಕಟ್ಟೆ ಆಗ ಐವತ್ತೇ ಕೊಡುತ್ತಿತ್ತು ಎಂದರೆ, ಆ ಪುಸ್ತಕವನ್ನು ಅದು ಪೂರ್ತಿ ನಂಬಿರಲಿಲ್ಲ ಎಂದೇ ನಾನು ಓದುತ್ತೇನೆ. ನಾವೂ ಇದನ್ನು ಕಂಡವರೇ. 2018ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರಿ ಬ್ಯಾಂಕುಗಳ ಒಟ್ಟು ಎನ್‌ಪಿಎ (ವಸೂಲಾಗದ ಸಾಲ) ಶೇ 14.6 ಮುಟ್ಟಿತ್ತು. ಆ ಸಂಖ್ಯೆ ಹೊರಬೀಳುವ ಮೊದಲೇ, ಎನ್‌ಪಿಎ ಇನ್ನೂ ಸಾಧಾರಣ ಅಂತ ಕಾಗದದಲ್ಲಿದ್ದ ವರ್ಷಗಳಲ್ಲೇ, ಅವುಗಳಲ್ಲಿ ಹಲವು ಬುಕ್ ವ್ಯಾಲ್ಯೂಗಿಂತ ಕಡಿಮೆಗೆ ಸಿಗುತ್ತಿದ್ದವು. 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 2.11 ಲಕ್ಷ ಕೋಟಿ ರೂಪಾಯಿ ಬಂಡವಾಳ ತುಂಬುವುದಾಗಿ ಹೇಳಿದ ಮರುದಿನ ಎಸ್‌ಬಿಐ ಷೇರು ಒಂದೇ ದಿನ ಶೇ 27ರಷ್ಟು ಜಿಗಿಯಿತು. ಬ್ಯಾಂಕಿನ ಗಾತ್ರ ಆ ಒಂದು ರಾತ್ರಿಯಲ್ಲಿ ಬದಲಾಗಿರಲಿಲ್ಲ; ಪುಸ್ತಕದ ಮೇಲಿನ ನಂಬಿಕೆ ಬದಲಾಗಿತ್ತು.

ನನ್ನ ಮಾತು ಸರಿಯೇ ಎಂದು ಪರೀಕ್ಷಿಸಲು ಇಂಡೊನೇಷ್ಯಾಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಅಲ್ಲಿ ಒಂದೇ ದೇಶ, ಒಂದೇ ಕರೆನ್ಸಿ, ಒಂದೇ ಕೇಂದ್ರ ಬ್ಯಾಂಕಿನ ಕೆಳಗೆ ಎರಡು ಬ್ಯಾಂಕುಗಳಿವೆ. 2023ರ ಕೊನೆಗೆ ಬ್ಯಾಂಕ್ ಮಂದಿರಿಯ ಆಸ್ತಿ ಸುಮಾರು 2,174 ಲಕ್ಷ ಕೋಟಿ ರುಪಿಯಾ, ಬ್ಯಾಂಕ್ ಸೆಂಟ್ರಲ್ ಏಷ್ಯಾ ಅಂದರೆ ಬಿಸಿಎಯದು 1,408 ಲಕ್ಷ ಕೋಟಿ. ಆ ವರ್ಷದ ಲಾಭದಲ್ಲೂ ಮಂದಿರಿಯೇ ಮುಂದೆ: 55 ಲಕ್ಷ ಕೋಟಿ, ಬಿಸಿಎಯದು 48.6. ಷೇರುದಾರರ ಹಣದ ಮೇಲೆ ಎರಡೂ ಶೇ 20 ದಾಟಿ ದುಡಿದಿದ್ದವು. ಆದರೂ 2024ರ ಮಾರ್ಚ್‌ನಲ್ಲಿ ಬಿಸಿಎಯ ಮಾರುಕಟ್ಟೆ ಮೌಲ್ಯ ಮಂದಿರಿಯ ಸುಮಾರು 1.8 ಪಟ್ಟು ಇತ್ತು. ಬುಕ್ ವ್ಯಾಲ್ಯೂಗೆ ಹೋಲಿಸಿದರೆ ಬಿಸಿಎಗೆ ಐದು ಪಟ್ಟು ಬೆಲೆ, ಮಂದಿರಿಗೆ ಎರಡೂವರೆ.

ಏಕೆ? ಹಿಂದಿನ ಕೆಟ್ಟ ವರ್ಷವೊಂದನ್ನು ತೆಗೆದು ನೋಡಿ. 2016ರಲ್ಲಿ ಕಂಪನಿ ಸಾಲಗಳು ಕೈಕೊಟ್ಟು ಮಂದಿರಿಯ ಲಾಭ ಮೂರನೇ ಒಂದರಷ್ಟು ಬಿತ್ತು. ಅದೇ ವರ್ಷ ಬಿಸಿಎಯ ಲಾಭ ಏರಿತು. ಬಿಸಿಎಯ ಠೇವಣಿಯಲ್ಲಿ ಸುಮಾರು ಶೇ 80ರಷ್ಟು ಚಾಲ್ತಿ ಮತ್ತು ಉಳಿತಾಯ ಖಾತೆಗಳ ಹಣ. ಅಂಗಡಿಯವರು, ಸಂಬಳದವರು ವಹಿವಾಟಿಗೆಂದೇ ಅಲ್ಲಿ ಇಟ್ಟುಕೊಂಡಿದ್ದು. ಅದಕ್ಕೆ ಬಡ್ಡಿ ಕೊಡುವುದು ಇಲ್ಲವೆನ್ನುವಷ್ಟು. ಅಷ್ಟು ಅಗ್ಗದ ಹಣ ಕೈಯಲ್ಲಿದ್ದಾಗ ಹೆಚ್ಚು ಬಡ್ಡಿಯ ಆಸೆಗೆ ಅನುಮಾನದ ಸಾಲ ಕೊಡಬೇಕಿಲ್ಲ. ಇದೇ ಬಿಸಿಎ 1998ರಲ್ಲಿ ಜನ ಮುಗಿಬಿದ್ದು ಠೇವಣಿ ಹಿಂದೆ ತೆಗೆದಾಗ ಸರ್ಕಾರದ ವಶಕ್ಕೆ ಹೋಗಿದ್ದ ಬ್ಯಾಂಕು, ಆಮೇಲೆ ಖಾಸಗಿಯವರ ಕೈಗೆ ಬಂತು. ಮಂದಿರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂದಿಗೂ ಸರ್ಕಾರದ್ದೇ. ನಾಳೆ ಯಾವ ಯೋಜನೆಗೆ ಸಾಲ ಕೊಡಬೇಕೆಂದು ಯಾರು ಹೇಳುತ್ತಾರೆ ಎಂಬ ಪ್ರಶ್ನೆಗೂ ಮಾರುಕಟ್ಟೆ ಬೆಲೆ ಕಟ್ಟುತ್ತದೆ.

ದೇಶ ದಾಟಿ ಹೋಲಿಸುವಾಗ ಎರಡು ಕಡೆ ಎಡವಬೇಡಿ. ಒಂದು, ಹಣದುಬ್ಬರ. 2022ರಲ್ಲಿ ಟರ್ಕಿಯ ಬ್ಯಾಂಕ್ ಷೇರುಗಳು ಲೀರಾದಲ್ಲಿ ಭರ್ಜರಿ ಏರಿದವು, ಆದರೆ ಆ ಅಕ್ಟೋಬರ್‌ನಲ್ಲಿ ಹಣದುಬ್ಬರವೇ ಶೇ 85 ಇತ್ತು. ಅಂಥ ಕಡೆ ಶೇ 40 ಲಾಭ ಎನ್ನುವುದು ಲಾಭವೇ ಅಲ್ಲ. ಇನ್ನೊಂದು, ಷೇರು ನಿಮ್ಮ ಕೈಯಲ್ಲಿ ಉಳಿಯುತ್ತದೆಯೇ ಎಂಬುದು. ರಷ್ಯಾದ ಸ್ಬೆರ್‌ಬ್ಯಾಂಕ್ ಲಾಭಕ್ಕೆ ಹೋಲಿಸಿದರೆ ಬಹಳ ಅಗ್ಗ ಎಂದು ಎಷ್ಟೋ ವಿದೇಶಿ ಫಂಡುಗಳು ಇಟ್ಟುಕೊಂಡಿದ್ದವು. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಮಾರ್ಚ್‌ನಲ್ಲಿ, ಜಾಗತಿಕ ಷೇರು ಸೂಚ್ಯಂಕಗಳನ್ನು ರೂಪಿಸುವ ಸಂಸ್ಥೆ ಎಂಎಸ್‌ಸಿಐ ರಷ್ಯಾದ ಷೇರುಗಳನ್ನು ಹೆಚ್ಚೂಕಡಿಮೆ ಸೊನ್ನೆ ಬೆಲೆಗೆ ತನ್ನ ಸೂಚ್ಯಂಕದಿಂದ ತೆಗೆದುಹಾಕಿತು.

ಐಸಿಬಿಸಿ ಕೊಳ್ಳಬಹುದೇ ಎಂದಿರಿ. ಆರ್‌ಬಿಐ ನಿಯಮದಂತೆ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ದಾರಿ ಇದೆ. ಬುಕ್ ವ್ಯಾಲ್ಯೂಗಿಂತ ಕೆಳಗಿದೆ, ಇವತ್ತಲ್ಲ ನಾಳೆ ಎರಡು ಪಟ್ಟಾಗುತ್ತದೆ ಎಂಬ ಲೆಕ್ಕದಲ್ಲಿ ನಾನಂತೂ ಕೊಳ್ಳುವುದಿಲ್ಲ. ಅಲ್ಲಿನ ಸರ್ಕಾರಕ್ಕೆ ಆ ಬ್ಯಾಂಕು ಮೊದಲು ಬೇಕಿರುವುದು ದೇಶಕ್ಕೆ ಸಾಲ ಕೊಡಲು, ನಿಮ್ಮ ಷೇರಿನ ಬೆಲೆ ಏರಿಸಲು ಅಲ್ಲ. ವರ್ಷ ವರ್ಷ ಬರುವ ಡಿವಿಡೆಂಡ್ ಸಾಕು, ಬೆಲೆ ಇದ್ದಲ್ಲೇ ಇದ್ದರೂ ಪರವಾಗಿಲ್ಲ ಎನ್ನುವವರಾದರೆ ಅದು ಬೇರೆ ಮಾತು, ಅವರಿಗೆ ಅದು ಸಮಂಜಸವಾದ ಷೇರೇ. ನೀವು ಯಾವ ಗುಂಪಿನವರು ಎಂದು ಬರೆದರೆ ಮುಂದೆ ಮಾತಾಡೋಣ.