ಕಚ್ಚಿಕೊಂಡ ಪಿಸ್ಟನ್, ಮೈಸೂರಿನ ಜಾವಾ

ಪ್ರಶ್ನೆ: ನಮ್ಮ ತಂದೆಯವರು 1968ರಲ್ಲಿ ಕೊಂಡ 250 ಸಿಸಿ ಜಾವಾ ಹತ್ತೊಂಬತ್ತು ವರ್ಷಗಳಿಂದ ಕೊಟ್ಟಿಗೆಯ ಪಕ್ಕದ ಮಾಡಿನಡಿ ನಿಂತಿದೆ. ಕಿಕ್ಕರ್ ಒಂದಿಷ್ಟೂ ಇಳಿಯುವುದಿಲ್ಲ. ಎಂಜಿನ್ ಸೀಜ್ ಆಗಿದೆ, ಗುಜರಿಗೆ ಹಾಕಿ ಎಂದು ಊರಿನ ಮೆಕ್ಯಾನಿಕ್ ಹೇಳುತ್ತಾರೆ. ಬಿಡಿಸಲು ದಾರಿಯಿದೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ದಯವಿಟ್ಟು ಗುಜರಿಗೆ ಹಾಕಬೇಡಿ, ಕಿಕ್ಕರ್ ಮೇಲೆ ನಿಂತು ತುಳಿಯಲೂ ಬೇಡಿ. ಜಾವಾದಲ್ಲಿ ಕಿಕ್ಕರಿನ ಬಲವು ಗೇರು, ಕ್ಲಚ್ಚು, ಚೈನುಗಳನ್ನು ದಾಟಿದ ಮೇಲಷ್ಟೇ ಕ್ರ್ಯಾಂಕಿಗೆ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡಕ್ಕೆ) ತಲುಪುತ್ತದೆ; ಆದ್ದರಿಂದ ಕಿಕ್ಕರ್ ಇಳಿಯದಿರುವುದಕ್ಕೆ ಪಿಸ್ಟನ್ನೇ ಕಾರಣವೆಂದು ಹೇಳಲಾಗದು, ಕಿಕ್ಕರಿನ ಹಲ್ಲುಗಳೇ ಒಂದಕ್ಕೊಂದು ಸಿಕ್ಕಿಕೊಂಡಿರಬಹುದು. ಪ್ಲಗ್ ಬಿಚ್ಚಿ, ಬಲಬದಿಯ ಮುಚ್ಚಳ ತೆಗೆದು, ಕ್ರ್ಯಾಂಕಿನ ತುದಿಯಲ್ಲಿರುವ ಡೈನಮೋದ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಮೆಲ್ಲಗೆ ತಿರುಗಿಸಿ ನೋಡಿ. ಅಲ್ಲಿಯೂ ಅಲುಗದಿದ್ದರೆ ಪಿಸ್ಟನ್ ಅಥವಾ ಕ್ರ್ಯಾಂಕಿನ ಬೇರಿಂಗ್ ಹಿಡಿದಿದೆ ಎಂದು ತಿಳಿಯಬಹುದು.

ಈ ಎಂಜಿನ್ನಿನಲ್ಲಿ ಒಂದು ಅನುಕೂಲವಿದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವುದರಿಂದ, ಎರಡೂ ಕೊಳವೆಗಳನ್ನು ಬಿಚ್ಚಿ ಟಾರ್ಚ್ ಹಿಡಿದರೆ ಕಿಂಡಿಗಳಲ್ಲಿ ಪಿಸ್ಟನ್ ಎಲ್ಲಿ ನಿಂತಿದೆ, ತುಕ್ಕು ಎಷ್ಟು ಎಂಬುದು ಕಾಣುತ್ತದೆ. ಮಲೆನಾಡಿನ ಮಳೆಗಾಲದ ತೇವ ಒಳಗೆ ಸೇರಿಕೊಳ್ಳುವುದೂ ಹೆಚ್ಚಾಗಿ ಈ ಕೊಳವೆಗಳಿಂದಲೇ. ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ ತೆಗೆದು, ಎಟಿಎಫ್ (ಆಟೊಮ್ಯಾಟಿಕ್ ಗೇರಿನ ಕಾರುಗಳಿಗೆ ಹಾಕುವ ಎಣ್ಣೆ) ಮತ್ತು ಅಸಿಟೋನನ್ನು ಸಮನಾಗಿ ಬೆರೆಸಿ ಪಿಸ್ಟನ್ ಮೇಲೆ ಸುರಿಯಿರಿ. ಅಸಿಟೋನ್ ಆರಿಹೋಗುವುದರಿಂದ ದಿನವೂ ಸ್ವಲ್ಪ ಸೇರಿಸುತ್ತ ಒಂದು ವಾರವಾದರೂ ಬಿಡಿ. ಆಮೇಲೂ ಬಿಡದಿದ್ದರೆ ಎಣ್ಣೆಯನ್ನೆಲ್ಲ ಒರೆಸಿ ತೆಗೆದು ಸಿಲಿಂಡರಿನ ಹೊರಮೈಗೆ ಕುದಿಯುವ ನೀರು ಹುಯ್ಯಿರಿ. ಅಸಿಟೋನ್ ಇರುವ ಕಡೆ ಬೆಂಕಿಯನ್ನಂತೂ ತರಲೇಬಾರದು. ಅಲ್ಯೂಮಿನಿಯಂ ಪಿಸ್ಟನ್ ಬೀಡುಕಬ್ಬಿಣದ ಸಿಲಿಂಡರಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕಾದು ಮತ್ತೆ ತಣಿಯುವಾಗ ನಡುವಿನ ತುಕ್ಕು ಬಿರಿದು, ಆಮೇಲೆ ಹಾಕಿದ ಎಣ್ಣೆ ಒಳಗಿಳಿಯುತ್ತದೆ. ಅನಂತರ ಪಿಸ್ಟನ್ ಮೇಲೆ ಸರಿಹೊಂದುವ ಮರದ ಕೊರಡನ್ನಿಟ್ಟು ಮರದ ಸುತ್ತಿಗೆಯಿಂದ ಹಗುರವಾಗಿ ತಟ್ಟಿ. ಕಬ್ಬಿಣದ ಸುತ್ತಿಗೆಯಿಂದ ಬಡಿದರೆ ಪಿಸ್ಟನ್ನಿನ ಜೊತೆಗೆ ಕನೆಕ್ಟಿಂಗ್ ರಾಡ್ ಮತ್ತು ಅದರ ಬೇರಿಂಗೂ ಹಾಳಾಗುತ್ತವೆ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಬನ್ನಿ. ಬಿಟ್ಟುಕೊಂಡಿತೆಂದು ಕೂಡಲೇ ಸ್ಟಾರ್ಟ್ ಮಾಡಬೇಡಿ. ತುಕ್ಕಿನ ಪುಡಿ ಕ್ರ್ಯಾಂಕ್ ಬೇರಿಂಗಿನಲ್ಲಿ ಕೂತಿರುತ್ತದೆ, ಎಂಜಿನ್ ಪೂರ್ತಿ ಬಿಚ್ಚಲೇಬೇಕು.

ಪ್ರಶ್ನೆ: ನನ್ನ ಯೆಜ್ಡಿಯ ಸಿಲಿಂಡರನ್ನು ಬೋರ್ ಮಾಡಿಸಿ (ಒಳಮೈಯನ್ನು ಕೊರೆಸಿ ಅಗಲಿಸಿ), ಅಂಗಡಿಯವರು ಕೊಟ್ಟ ಹೊಸ ಪಿಸ್ಟನ್ ಹಾಕಿಸಿದ್ದೆ. ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಮತ್ತೆ ಕಚ್ಚಿಕೊಂಡಿತು. ಒಳ್ಳೆಯ ಬಿಡಿಭಾಗಗಳು ಎಲ್ಲಿ ಸಿಗುತ್ತವೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಪಿಸ್ಟನ್ನನ್ನು ದೂರುವ ಮೊದಲು ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳನ್ನು ಬದಲಿಸಿದ್ದರೇ ಎಂದು ಕೇಳಿ. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ತಿರುಗುವ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸೇ ಪೆಟ್ರೋಲ್ ಮಿಶ್ರಣವನ್ನು ಎಳೆದು ಮೇಲಕ್ಕೆ ತಳ್ಳುವ ಪಂಪು. ಕ್ಲಚ್ ಬದಿಯ ಸೀಲ್ ಸೋತರೆ ಅದು ಗೇರ್‌ಬಾಕ್ಸಿನ ಎಣ್ಣೆಯನ್ನು ಹೀರಿ ದಟ್ಟವಾದ ಹೊಗೆ ಉಗುಳುತ್ತದೆ. ಡೈನಮೋ ಬದಿಯದು ಸೋತರೆ ಬರಿಯ ಗಾಳಿಯನ್ನು ಹೀರುವುದರಿಂದ ಮಿಶ್ರಣದಲ್ಲಿ ಪೆಟ್ರೋಲೂ ಅದರೊಂದಿಗಿನ ಎಣ್ಣೆಯೂ ಕಡಿಮೆಯಾಗಿ ಎಷ್ಟೇ ಒಳ್ಳೆಯ ಪಿಸ್ಟನ್ ಆದರೂ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ.

ಎರಡನೆಯದು ಕೆಲಸದ ಕ್ರಮ. ಮೊದಲು ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಅಳೆಸಿ ಎಷ್ಟು ಸವೆದಿದೆ ಎಂದು ತಿಳಿಯಬೇಕು (ಕಾರ್ಖಾನೆಯ ಅಳತೆ 65 ಮಿಲಿಮೀಟರ್), ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಕೊಳ್ಳಬೇಕು, ಆ ಪಿಸ್ಟನ್ನನ್ನೇ ಕೈಯಲ್ಲಿ ಕೊಟ್ಟು ಅದರ ಅಳತೆಗೆ ಬೋರ್ ಮಾಡಿಸಬೇಕು. ಪೊಟ್ಟಣದ ಮೇಲೆ ಬರೆದ ಅಳತೆಯನ್ನು ನಂಬಿ ಮೊದಲೇ ಬೋರ್ ಮಾಡಿಸಿದ್ದರೆ ನಿಮ್ಮ ತೊಂದರೆಯ ಮೂಲ ಅಲ್ಲಿಯೇ ಇರಬಹುದು.

ಜಾವಾ, ಯೆಜ್ಡಿ ಎರಡನ್ನೂ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಿಂದ ಬರುತ್ತಿರುವ ಹೊಸ ಜಾವಾ ಫೋರ್-ಸ್ಟ್ರೋಕ್ ಆದ್ದರಿಂದ ಅದರ ಎಂಜಿನ್ ಭಾಗಗಳು ನಿಮಗೆ ಉಪಯೋಗಕ್ಕೆ ಬಾರವು. ಆದರೆ ಬೇರಿಂಗುಗಳ ಮೇಲೆ ಸಂಖ್ಯೆಯೂ ಸೀಲುಗಳ ಮೇಲೆ ಅಳತೆಯೂ ಅಚ್ಚಾಗಿರುತ್ತದೆ. ಅವನ್ನು ಬರೆದುಕೊಂಡು ಹೋದರೆ ಒಳ್ಳೆಯ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತವೆ, ಜಾವಾದ ಹೆಸರಿನಲ್ಲಿ ಹುಡುಕಬೇಕಿಲ್ಲ. ಹುಡುಕಬೇಕಾದದ್ದು ಪಿಸ್ಟನ್, ರಾಡ್ ಕಿಟ್ ಮತ್ತು ಗೇರುಗಳನ್ನು ಮಾತ್ರ. ಅದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಮತ್ತು ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಸವಾರರು ಸೇರುವಲ್ಲಿಗೆ ಹೋಗಿ. ಯಾರ ಬಳಿ ಯಾವ ಹಳೆಯ ದಾಸ್ತಾನು ಉಳಿದಿದೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಯಾರಾದರೂ ಬೇರೆ ಎಂಜಿನ್ನನ್ನೇ ಕೂರಿಸಿಕೊಡುತ್ತೇನೆಂದರೆ ಒಪ್ಪಬೇಡಿ. ಕ್ರ್ಯಾಂಕ್‌ಕೇಸಿನ ಮೇಲಿನ ಸಂಖ್ಯೆಯೇ ನಿಮ್ಮ ಆರ್‌ಸಿ ಪುಸ್ತಕದಲ್ಲಿರುವ ಎಂಜಿನ್ ಸಂಖ್ಯೆ.