ಖಿನ್ನತೆ ಬಗ್ಗೆ ಪೇಪರಿನಲ್ಲಿ ಹೇಳಲೇ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಶಿಕ್ಷಕಿ. ಮೂರು ವರ್ಷದ ಹಿಂದೆ ಅಣ್ಣ ಆತ್ಮಹತ್ಯೆ ಮಾಡಿಕೊಂಡ. ಊರಿಗೆಲ್ಲ ಹಾರ್ಟ್ ಅಟ್ಯಾಕ್ ಎಂದು ಹೇಳಿದೆವು. ನಂತರ ನನಗೇ ಖಿನ್ನತೆ ಬಂತು. ಧಾರವಾಡದಲ್ಲಿ ತೋರಿಸಿ ಈಗ ಆರಾಮಾಗಿದ್ದೇನೆ. ಸೆಪ್ಟೆಂಬರ್ 10ರ ಆತ್ಮಹತ್ಯೆ ತಡೆ ದಿನಕ್ಕೆ ಪತ್ರಿಕೆಯೊಂದು ಸಂದರ್ಶನ ಕೇಳಿದೆ. ನನಗೆ ಮಾತಾಡುವ ಆಸೆ. ಅವ್ವ ‘ತಂಗಿ ಲಗ್ನ ಆಗೋತನಕ ಬಾಯಿ ಬಿಡಬ್ಯಾಡ’ ಅನ್ನುತ್ತಾಳೆ. ಏನು ಮಾಡಲಿ?

ಉತ್ತರ: ಮಾತಾಡಿ, ಆದರೆ ನಿಮ್ಮ ಕಾಯಿಲೆಯ ಬಗ್ಗೆ ಮಾತ್ರ. ಅಣ್ಣನ ಸಾವು ಅವ್ವನ ದುಃಖವೂ ಹೌದು. ಅವರು ಒಪ್ಪುವವರೆಗೆ ಅದನ್ನು ಪೇಪರಿಗೆ ಕೊಡಬೇಡಿ. ವರದಿಗಾರರು ಕೇಳಿದರೆ ‘ಅದು ಬೇಡ’ ಎಂದರೆ ಸಾಕು, ಕಾರಣ ಹೇಳಬೇಕಿಲ್ಲ.

ಅವ್ವನ ಭಯ ಸುಳ್ಳಲ್ಲ. ಸಂಬಂಧ ನೋಡಲು ಬಂದವರು ಓಣಿಯಲ್ಲಿ ವಿಚಾರಿಸಿಯೇ ವಿಚಾರಿಸುತ್ತಾರೆ. ಆದರೆ ಲಗ್ನ ತಂಗಿಯದು. ಅವಳನ್ನು ಯಾರಾದರೂ ಕೇಳಿದ್ದೀರಾ? ಮೊದಲು ಅವಳ ಹತ್ತಿರ ಕೂತು ಮಾತಾಡಿ. ಅವಳು ಹಿಂಜರಿದರೆ ಹೆಸರು, ಫೋಟೊ ಬಿಡಿ. ಆಗಲೂ ಜಮಖಂಡಿಯಂಥ ಊರಲ್ಲಿ ಗುರುತು ಹಿಡಿಯುವವರು ಇದ್ದೇ ಇರುತ್ತಾರೆ, ಅದಕ್ಕೆ ಸಿದ್ಧರಿರಿ.

ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಹೇಳಿದ್ದು ದೊಡ್ಡ ಕೆಲಸ. ಆದರೂ ಅವರ ಬದುಕು ನಮಗೆ ದೂರದ್ದು ಅನ್ನಿಸುತ್ತದೆ, ಅಲ್ವಾ? ನಿಮ್ಮಂಥ ಟೀಚರ್ ಹೇಳಿದರೆ ಪಕ್ಕದ ಮನೆಯವರಿಗೂ ಧೈರ್ಯ ಬರುತ್ತದೆ. ಹಾಗಾಗಿ ಸಣ್ಣ ಸಣ್ಣ ವಿವರ ಹೇಳಿ. ನಿದ್ದೆ ಹೇಗೆ ಕೆಟ್ಟಿತು, ಆಸ್ಪತ್ರೆಗೆ ಯಾರು ಜೊತೆ ಬಂದರು, ಡಾಕ್ಟರ್ ಏನು ಕೇಳಿದರು. ಖಿನ್ನತೆಯ ಗುಳಿಗೆ ಕೆಲಸ ಶುರು ಮಾಡಲು ಕೆಲವು ವಾರ ಬೇಕು. ‘ಏನೂ ಗುಣ ಇಲ್ಲ’ ಎಂದು ಅಷ್ಟರಲ್ಲೇ ಬಿಟ್ಟುಬಿಡುವವರಿದ್ದಾರೆ. ಆ ವಾರಗಳನ್ನು ನೀವು ಹೇಗೆ ಕಳೆದಿರಿ ಎಂಬುದನ್ನು ಮರೆಯದೆ ಹೇಳಿ.

ಮುಂದೆ ಎಂದಾದರೂ ಅಣ್ಣನ ಬಗ್ಗೆ ಮಾತಾಡಿದರೂ ಹೇಗೆ, ಎಲ್ಲಿ ಎಂಬುದು ಬೇಡವೇ ಬೇಡ. ಮೊದಲೇ ನೊಂದವರು ಅದನ್ನು ಓದಿದರೆ ಅಪಾಯ. ಇಂಥ ವಿವರ ಬರೆಯಬೇಡಿ, ಅಬ್ಬರದ ತಲೆಬರಹ ಕೊಡಬೇಡಿ ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಪತ್ರಿಕೆಗಳಿಗೆ ಹೇಳಿದೆ. ‘ಸಾಲಬಾಧೆಗೆ ಬಲಿ’ ಎಂದು ಒಂದೇ ಕಾರಣ ಅಂಟಿಸುವುದೂ ತಪ್ಪು.

ಅಚ್ಚಿಗೆ ಹೋಗುವ ಮೊದಲು ಓದಲು ಕೊಡುತ್ತಾರಾ ಕೇಳಿ. ಕೆಳಗೆ ಟೆಲಿ ಮಾನಸ್ ಸಹಾಯವಾಣಿ 14416 ಹಾಕಲು ಹೇಳಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಒಪ್ಪುವ ಮೊದಲು ನಿಮ್ಮ ಡಾಕ್ಟರಿಗೂ ತಿಳಿಸಿ. ಹಳೆಯದನ್ನೆಲ್ಲ ನೆನೆದು ಮತ್ತೆ ನಿದ್ದೆ ಕೆಡತೊಡಗಿದರೆ ಈ ಸಲ ಬೇಡ ಅನ್ನಿ, ಮುಂದಿನ ವರ್ಷ ಕೊಟ್ಟರಾಯಿತು.