ಓದುಗರ ಪ್ರಶ್ನೆ: ಗಣಿಗೆ ಮುಂಚೆ ಗುಡ್ಡವನ್ನು ಹೇಗೆ ನೋಡಬೇಕು?

ಪ್ರಶ್ನೆ: ನಮ್ಮೂರ ಗುಡ್ಡ, ಅದರ ಬುಡದ ಹೊಲಗಳು ಸೇರಿ 40 ಎಕರೆಯನ್ನು ಕಲ್ಲುಗಣಿಗೆ ಕೇಳಿದ್ದಾರೆ. ಹಳೆಯ ಅವಶೇಷಗಳಿವೆಯೇ ಎಂದು ನೋಡಲು ಸೆಪ್ಟೆಂಬರ್‌ನಲ್ಲಿ ನಾಲ್ವರು ಬಂದು ಎರಡು ದಿನ ಓಡಾಡಿ ಹೋದರು. ವರದಿಯಲ್ಲಿ ‘ಪುರಾತತ್ವ ಅವಶೇಷಗಳು ಕಂಡುಬಂದಿಲ್ಲ’ ಎಂಬ ಒಂದೇ ಸಾಲಿದೆ. ನಂಬಬಹುದೇ?
– ಓದುಗರು, ಬಳ್ಳಾರಿ ತಾಲ್ಲೂಕು

ಉತ್ತರ: ಎರಡು ದಿನ ಕಡಿಮೆಯೇನಲ್ಲ, ಆರಿಸಿಕೊಂಡ ತಿಂಗಳು ತಪ್ಪು. 40 ಎಕರೆ ಎಂದರೆ ಸುಮಾರು 16 ಹೆಕ್ಟೇರ್. ಹತ್ತು ಮೀಟರಿಗೊಂದು ಸಾಲು ಹಿಡಿದು ನಡೆದರೆ ಒಟ್ಟು 16 ಕಿಲೋಮೀಟರ್ ಆಗುತ್ತದೆ, ತಲೆಗೆ ನಾಲ್ಕು. ಬಯಲಲ್ಲಿ ಒಂದು ದಿನದ ಕೆಲಸ, ಬಂಡೆಗಳ ನಡುವೆ ಎರಡು ದಿನ. ಆದರೆ ಸೆಪ್ಟೆಂಬರ್‌ನಲ್ಲಿ ಹೊಲದಲ್ಲಿ ಬೆಳೆ, ಗುಡ್ಡದಲ್ಲಿ ಮೊಣಕಾಲೆತ್ತರದ ಹುಲ್ಲು. ನೆಲವೇ ಕಾಣದಿದ್ದಾಗ ‘ಕಂಡುಬಂದಿಲ್ಲ’ ಎನ್ನುವುದಕ್ಕೆ ಬೆಲೆಯಿಲ್ಲ. ಗುಡ್ಡ ನೋಡಲು ಫೆಬ್ರವರಿಯಿಂದ ಮೇ ಒಳ್ಳೆಯದು. ಹೊಲ ನೋಡಲು ಹರಗಿದ ಮೇಲೆ ಮೊದಲ ಮಳೆ ಬಿದ್ದು, ಬಿತ್ತನೆಗೆ ಮುಂಚಿನ ನಾಲ್ಕಾರು ದಿನಗಳೇ ಸರಿ. ಆಗ ಮಣ್ಣು ತೊಳೆದು ಬೋಕಿಗಳು (ಹಳೆ ಮಡಕೆಯ ಚೂರುಗಳು) ಎದ್ದು ಕಾಣುತ್ತವೆ.

ಇನ್ನೊಂದು ಮಾತು ಕೇಳಲೇಬೇಕು: ಅವರು ಗುಡ್ಡ ಹತ್ತಿದರೇ? ನಮ್ಮ ಸೀಮೆಯಲ್ಲಿ ಹಳೆಯ ಊರುಗಳು ಬಂಡೆಗಳ ನಡುವೆ, ತುದಿಯ ಸಮತಟ್ಟಿನಲ್ಲಿ ಇದ್ದವು. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದವರು ಡಾಲರೈಟ್ ಎಂಬ ಗಟ್ಟಿ ಕಪ್ಪು ಕಲ್ಲಿನಿಂದ ಕೊಡಲಿ ಮಾಡುತ್ತಿದ್ದ ಜಾಗ ಇದ್ದದ್ದು ಮೇಲೆಯೇ. ಬುಡ ಸುತ್ತಿ ಬಂದವರಿಗೆ ಅದು ಕಾಣುವುದಿಲ್ಲ. ಕೊಡಲಿ ಮಾಡಲು ಕಲ್ಲು ಹೊಡೆದಾಗ ಎದ್ದ ಚಕ್ಕೆಯ ಒಂದು ತುದಿಯಲ್ಲಿ, ಪೆಟ್ಟು ಬಿದ್ದ ಕಡೆ, ಸಣ್ಣ ಉಬ್ಬು ಇರುತ್ತದೆ. ಬಿಸಿಲಿಗೆ ತಾನಾಗಿ ಸಿಡಿದ ಕಲ್ಲಿನಲ್ಲಿ ಅದು ಇರುವುದಿಲ್ಲ. ಬೆರಳಿಂದ ಸವರಿದರೂ ತಿಳಿಯುತ್ತದೆ.

ಬೂದಿದಿಬ್ಬದ ವಿಷಯದಲ್ಲೂ ಮೋಸಹೋಗುವವರುಂಟು. ಕುಡತಿನಿಯಲ್ಲಿರುವಂಥವು ದನದ ಸಗಣಿ ರಾಶಿಗಟ್ಟಿ ಸುಟ್ಟದ್ದರಿಂದ ಆದವು. ನಿಂಬಾಪುರದ್ದನ್ನು ವಾಲಿಯ ಚಿತೆಯ ಬೂದಿ ಎಂದು ಜನ ಕರೆಯುತ್ತಾರೆ. ಸಗಣಿ ಕರಗಿ ಗಟ್ಟಿಯಾದ ತುಂಡು ಬೂದುಬಣ್ಣ, ತುಂಬ ಗುಳ್ಳೆ, ಕೈಗೆ ಹಗುರ. ಕಬ್ಬಿಣದ ಕಿಟ್ಟ (ಅದಿರು ಕರಗಿಸಿದಾಗ ಉಳಿಯುವ ಕಸ) ಕಪ್ಪು, ಭಾರ, ಹರಿದು ಹೆಪ್ಪುಗಟ್ಟಿದ ಗೆರೆಗಳಿರುತ್ತವೆ, ಅಲ್ಲಲ್ಲಿ ತುಕ್ಕು. ಎರಡನ್ನೂ ‘ಹಳೆ ಸುಣ್ಣದ ಭಟ್ಟಿ’ ಎಂದು ಬರೆದು ಮುಗಿಸಿಬಿಟ್ಟರೆ ಜಾಗ ಹೋದ ಹಾಗೆಯೇ.

ವರದಿಯಲ್ಲಿ ನೀವು ಹುಡುಕಬೇಕಾದದ್ದು: ನಡೆದ ದಿನಾಂಕ, ಸಾಲಿನ ಅಂತರ, ಜಿಪಿಎಸ್ ದಾರಿಯ ನಕ್ಷೆ, ಪ್ರತಿ ತುಂಡು ಭೂಮಿಯಲ್ಲೂ ನೆಲ ಎಷ್ಟು ಕಾಣುತ್ತಿತ್ತು ಎಂಬ ಟಿಪ್ಪಣಿ, ಅಳತೆಪಟ್ಟಿ ಇಟ್ಟು ತೆಗೆದ ಫೋಟೊ. ಇವಿಲ್ಲದಿದ್ದರೆ ಬೇಸಿಗೆಯಲ್ಲಿ ಮತ್ತೆ ನಡೆಯಬೇಕೆಂದು ಲಿಖಿತವಾಗಿ ಕೇಳಿ. ಅನುಮಾನವಿರುವ ಕಡೆ 1 ಮೀಟರ್ ಚೌಕದ ಗುಂಡಿ ತೋಡಿ, 10 ಸೆಂಟಿಮೀಟರಿಗೊಂದು ಪದರವಾಗಿ ಮಣ್ಣು ತೆಗೆದು ಜರಡಿ ಹಿಡಿಯುತ್ತಾರೆ. ಮನುಷ್ಯರ ಕೈ ತಾಗದ ಗರಸು ಬಂದಾಗ ನಿಲ್ಲಿಸುತ್ತಾರೆ. ಇದಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ಊರವರು ಗುದ್ದಲಿ ಹಾಕಬಾರದು.

ಪ್ರಶ್ನೆ: ಚಿನ್ನದ ನಿಕ್ಷೇಪ ಹುಡುಕಲು ಬರುವ ಜಾಗದಲ್ಲಿ ಹಳೆ ಗುಂಡಿಗಳು, ಬಂಡೆಯ ಮೇಲೆ ಕುಳಿಗಳು ಇವೆ. ಇವೂ ಅವಶೇಷವೇ?
– ಲಿಂಗಸುಗೂರು

ಉತ್ತರ: ಹೌದು. ಹಟ್ಟಿ ಸುತ್ತ ಹಳಬರು ಚಿನ್ನ ತೆಗೆದ ಗುರುತುಗಳು ಬೇಕಾದಷ್ಟಿವೆ. ಗುಂಡಿಗಳು ಬಿಳಿಕಲ್ಲಿನ (ಕ್ವಾರ್ಟ್ಜ್) ಸಾಲು ಹಿಡಿದು ಹೋಗಿದ್ದರೆ, ಪಕ್ಕದಲ್ಲಿ ಜಜ್ಜಿದ ಬಿಳಿಕಲ್ಲಿನ ಪುಡಿ ಇದ್ದರೆ ಅದು ಅದಿರು ಕುಟ್ಟಿದ ಜಾಗ. ಬಂಡೆಯ ಮೇಲಿನ ಕುಳಿ ಕೊಡಲಿ ಸಾಣೆ ಹಿಡಿದದ್ದಾದರೆ ಉದ್ದನೆಯ ನುಣುಪು ತಗ್ಗಾಗಿರುತ್ತದೆ. ಡ್ರಿಲ್ಲಿಂಗ್ ಯಂತ್ರ ಬರುವ ದಾರಿಯೇ ಮೊದಲು ಇವನ್ನು ಅಳಿಸುತ್ತದೆ. ಆದ್ದರಿಂದ ದಾರಿ ಗುರುತಿಸುವ ಮುಂಚೆ ಸಮೀಕ್ಷೆ ಆಗಬೇಕು. ಅಶೋಕನ ಹೆಸರಿರುವ ಮಸ್ಕಿ ಶಾಸನ 1915ರಲ್ಲಿ ಸಿಕ್ಕಿದ್ದು ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೇ. ನೋಡುವ ಕಣ್ಣಿದ್ದರೆ ಗಣಿಯವರಿಂದಲೂ ಉಪಕಾರವಿದೆ.

ಪ್ರಶ್ನೆ: ನಮ್ಮ ಗುಡ್ಡದ ಮೊರೇರ ಮನೆಗಳು (ಕಲ್ಲುಚಪ್ಪಡಿಯ ಪುರಾತನ ಸಮಾಧಿಗಳು) ಸಂರಕ್ಷಿತ ಪಟ್ಟಿಯಲ್ಲಿಲ್ಲ. 100 ಮೀಟರ್ ನಿಯಮ ಅನ್ವಯಿಸುತ್ತದೆಯೇ?
– ಗಂಗಾವತಿ

ಉತ್ತರ: ಇಲ್ಲ. ಸ್ಮಾರಕದ ಸುತ್ತ 100 ಮೀಟರ್ ಗಣಿ, ಕಟ್ಟಡಗಳಿಗೆ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ, ಇವು ಸಂರಕ್ಷಿತ ಸ್ಮಾರಕಗಳಿಗೆ ಮಾತ್ರ. ಪಟ್ಟಿಯಲ್ಲಿಲ್ಲದವುಗಳಿಗೆ ಇರುವ ಬಲ ದಾಖಲೆಯದ್ದು. ಗಣಿಗೆ ಪರಿಸರ ಅನುಮತಿ ಕೊಡುವ ಮುಂಚೆ ಊರವರ ಮಾತು ಕೇಳುವ ಸಾರ್ವಜನಿಕ ಆಲಿಕೆ ಸಭೆಗೆ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಡಬೇಕು. ಅಷ್ಟರೊಳಗೆ ಪ್ರತಿ ಕಲ್ಮನೆಗೂ ಸಂಖ್ಯೆ, ಅಕ್ಷಾಂಶ-ರೇಖಾಂಶ, ನಾಲ್ಕು ದಿಕ್ಕಿನ ಫೋಟೊ ಸಿದ್ಧಮಾಡಿ, ಸರ್ವೆ ನಂಬರಿನೊಂದಿಗೆ ರಾಜ್ಯ ಪುರಾತತ್ವ ಇಲಾಖೆಗೂ ಜಿಲ್ಲಾಧಿಕಾರಿಗಳಿಗೂ ಕೊಡಿ, ಸ್ವೀಕೃತಿ ಪಡೆಯಿರಿ. ಬೋಕಿ, ಎಲುಬು ಏನೇ ಕಂಡರೂ ಎತ್ತಿಕೊಂಡು ಬರಬೇಡಿ. ಇದ್ದ ಜಾಗ ಬಿಟ್ಟ ತುಂಡು ಆಲಿಕೆಯಲ್ಲಿ ಯಾವ ಸಾಕ್ಷಿಯನ್ನೂ ಹೇಳುವುದಿಲ್ಲ.